ಸೋತ ತಂಡಕ್ಕೂ ಮುಂದಿನ ಭಾನುವಾರ ಪಂದ್ಯ ಇರಲಿ

ಮಳೆಗಾಲ ಮುಗಿದು ದೀಪಾವಳಿ ಕಳೆಯುತ್ತಿದ್ದಂತೆ ಅಂಕೋಲಾ, ಕಾರವಾರದ ಊರುಗಳಲ್ಲಿ ಕಬಡ್ಡಿಯ ಕಾಲ ಶುರುವಾಗುತ್ತದೆ. ಬೊಬ್ರುವಾಡದಂತಹ ಊರಿನ ಯುವಕ ಸಂಘ ದಿನಾಂಕ ಗೊತ್ತು ಮಾಡುತ್ತದೆ, ದಾನಿಗಳ ಹೆಸರು ಹೊತ್ತ ಕರಪತ್ರ ಅಚ್ಚಾಗುತ್ತದೆ, ಗದ್ದೆಯ ಬಯಲಿನಲ್ಲೋ ಶಾಲೆಯ ಮೈದಾನದಲ್ಲೋ ಅಂಕಣ ಸಿದ್ಧವಾಗುತ್ತದೆ, ಹೊನಲು ಬೆಳಕಿನ ಪಂದ್ಯಾವಳಿಗೆ ಅಕ್ಕಪಕ್ಕದ ಊರುಗಳಿಂದ ತಂಡಗಳು ಬರುತ್ತವೆ. ಸರ್ಕಾರದ ಒಂದು ಕಾಸೂ ಇಲ್ಲದೆ ಹಳ್ಳಿಯ ಹುಡುಗರು ಇಷ್ಟೆಲ್ಲವನ್ನು ನಿಭಾಯಿಸುವುದು ಸಣ್ಣ ಸಾಧನೆಯಲ್ಲ. ಆದರೆ ಈ ವ್ಯವಸ್ಥೆಯನ್ನು ಆಟಗಾರನ ಕಡೆಯಿಂದ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಸೋತವರು ಹೊರಹೋಗುವ ಪದ್ಧತಿಯಲ್ಲಿ 16 ತಂಡಗಳು ಸೇರಿದರೆ ಒಟ್ಟು 15 ಪಂದ್ಯಗಳು. ಅವುಗಳಲ್ಲಿ 8 ತಂಡಗಳು ಒಂದೇ ಒಂದು ಪಂದ್ಯ ಆಡಿ ಮನೆಗೆ ಮರಳುತ್ತವೆ, 4 ತಂಡಗಳಿಗೆ ಎರಡು ಪಂದ್ಯ ಸಿಗುತ್ತದೆ, ಕೊನೆಯವರೆಗೆ ಉಳಿದ ಎರಡು ತಂಡಗಳಿಗೆ ಮಾತ್ರ ನಾಲ್ಕು. ನಿಯಮದ ಪ್ರಕಾರ ಪುರುಷರ ಪಂದ್ಯಕ್ಕೆ 20 ನಿಮಿಷಗಳ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಒಂದೇ ಅಂಕಣದಲ್ಲಿ 15 ಪಂದ್ಯಗಳನ್ನು ಹಾಗೆ ಪೂರ್ತಿ ಆಡಿಸಿದರೆ ಹನ್ನೊಂದು ಗಂಟೆ ದಾಟುತ್ತದೆ. ರಾತ್ರಿ ಎಂಟಕ್ಕೆ ಶುರು ಮಾಡಿದ ಸಂಘಟಕರಿಗೆ ಬೆಳಗಾಗುವುದರೊಳಗೆ ಫೈನಲ್ ಮುಗಿಸಬೇಕಾಗಿರುತ್ತದೆ, ಹಾಗಾಗಿ ಕತ್ತರಿ ಬೀಳುವುದು ಆಟದ ಅವಧಿಗೇ. ವರ್ಷವಿಡೀ ಅಭ್ಯಾಸ ಮಾಡಿದ ಹದಿನೆಂಟರ ಹುಡುಗನೊಬ್ಬನಿಗೆ ಸಿಗುವುದು ಅರ್ಧ ಗಂಟೆಯ ಒಂದು ಸೋಲು, ಆಮೇಲೆ ಮುಂದಿನ ಕರಪತ್ರಕ್ಕಾಗಿ ಕಾಯುವುದು.

ಊರಿನ ತಂಡಗಳ ಮೇಲೆ ಒಂದು ಏಣಿ ಇದೆ. ಜಿಲ್ಲಾ ಅಮೆಚೂರ್ ಕಬಡ್ಡಿ ಸಂಸ್ಥೆ, ಅದರ ಮೇಲೆ ರಾಜ್ಯ ಅಮೆಚೂರ್ ಕಬಡ್ಡಿ ಸಂಸ್ಥೆ, ತುದಿಯಲ್ಲಿ 1972ರಲ್ಲಿ ರೂಪುಗೊಂಡ ಭಾರತೀಯ ಅಮೆಚೂರ್ ಕಬಡ್ಡಿ ಫೆಡರೇಷನ್. ಜಿಲ್ಲಾ ಸಂಸ್ಥೆಗಳ ಪ್ರಮುಖ ಕೆಲಸ ಎರಡು: ಪಂದ್ಯಾವಳಿಗಳಿಗೆ ಮಾನ್ಯತೆ ಕೊಟ್ಟು ನಿರ್ಣಾಯಕರನ್ನು ಒದಗಿಸುವುದು, ವಯಸ್ಸು ಮತ್ತು ತೂಕದ ವಿಭಾಗವಾರು ಜಿಲ್ಲಾ ತಂಡ ಆರಿಸಿ ರಾಜ್ಯ ಮಟ್ಟಕ್ಕೆ ಕಳಿಸುವುದು. 16 ವರ್ಷ ಮತ್ತು 55 ಕಿಲೋ ಮಿತಿಯ ಸಬ್ ಜೂನಿಯರ್, 20 ವರ್ಷದೊಳಗಿನ ಜೂನಿಯರ್, 85 ಕಿಲೋ ಮಿತಿಯ ಹಿರಿಯ ಪುರುಷರು ಹೀಗೆ ವಿಭಾಗಗಳಿವೆ. ಎರಡೂ ಅಗತ್ಯದ ಕೆಲಸಗಳೇ. ಆದರೆ ಎರಡೂ ಪ್ರತಿಭೆಯನ್ನು ಹೆಕ್ಕುವ ಕೆಲಸಗಳು. ಹೆಕ್ಕುವುದಕ್ಕೆ ಮೊದಲು ಬೆಳೆಸಬೇಕು, ಬೆಳೆಯುವುದು ವಾರವಾರವೂ ಆಡಿದಾಗ. ಹವ್ಯಾಸಿ ಕ್ಲಬ್‌ಗಳನ್ನು ಒಂದೆಡೆ ಸೇರಿಸಿದ ಪ್ರಾದೇಶಿಕ ಸಂಸ್ಥೆಯೊಂದರ ಮೊದಲ ಹೊಣೆ ತಂಡ ಆರಿಸುವುದಲ್ಲ, ತನ್ನ ಪಟ್ಟಿಯಲ್ಲಿರುವ ಪ್ರತಿಯೊಂದು ಕ್ಲಬ್ಬಿಗೂ, ಮುಖ್ಯವಾಗಿ ಸೋಲುವ ಕ್ಲಬ್ಬಿಗೆ, ಇಡೀ ಋತುವಿನಲ್ಲಿ ಆಡಲು ಪಂದ್ಯಗಳನ್ನು ಖಚಿತಪಡಿಸುವುದು. ಕರಾವಳಿಯ ಕಬಡ್ಡಿಗೆ ಈಗ ಬೇಕಾಗಿರುವುದು ಇನ್ನೊಂದು ದೊಡ್ಡ ಟ್ರೋಫಿಯಲ್ಲ, ಭಾನುವಾರಗಳ ಒಂದು ಲೀಗ್.

ಈ ಮಾತಿಗೆ ಒಳ್ಳೆಯ ಪುರಾವೆ ಸಿಗುವುದು ನಮ್ಮ ಓದುಗರಿಗೆ ಅಷ್ಟೇನೂ ಪರಿಚಯವಿಲ್ಲದ ಆಟವೊಂದರಲ್ಲಿ. ಇಂಗ್ಲೆಂಡಿನ ರಗ್ಬಿ ಯೂನಿಯನ್ ಮೊಟ್ಟೆಯಾಕಾರದ ಚೆಂಡಿನ, ತಂಡಕ್ಕೆ 15 ಜನರ, 80 ನಿಮಿಷಗಳ ಆಟ. ಕಬಡ್ಡಿಯ ಹಾಗೆ ಅದೂ ಎದುರಾಳಿಯನ್ನು ಮೈಕೈ ಹಿಡಿದು ನೆಲಕ್ಕೆ ಕೆಡಹುವ ಆಟ, ಬಹುಕಾಲ ಅದೂ ಹವ್ಯಾಸಿಗಳದ್ದೇ. ಅಲ್ಲಿನ ರಗ್ಬಿ ಫುಟ್‌ಬಾಲ್ ಯೂನಿಯನ್ 1871ರಲ್ಲಿ ಹುಟ್ಟಿತು. ಅದರ ಕೆಳಗೆ ಕೌಂಟಿ ಸಂಸ್ಥೆಗಳಿವೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಸೇನೆಯ ಮೂರು ಪಡೆಗಳು, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು ಕೂಡ ಅದೇ ದರ್ಜೆಯ ಘಟಕಗಳು. ಆಶ್ಚರ್ಯದ ಸಂಗತಿಯೆಂದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಯೂನಿಯನ್ ತನ್ನ ಕ್ಲಬ್‌ಗಳಿಗೆ ರಾಷ್ಟ್ರವ್ಯಾಪಿ ಲೀಗ್ ಕೊಡಲೇ ಇಲ್ಲ. ಕ್ಲಬ್‌ಗಳು ತಮ್ಮತಮ್ಮಲ್ಲೇ ಪತ್ರ ಬರೆದುಕೊಂಡು ಸ್ನೇಹದ ಪಂದ್ಯ ಗೊತ್ತು ಮಾಡಿಕೊಳ್ಳುತ್ತಿದ್ದವು. ಹೆಸರುವಾಸಿ ಕ್ಲಬ್‌ಗಳು ಹೆಸರುವಾಸಿಗಳ ಜೊತೆಯೇ ಆಡಿದವು. ಸಣ್ಣ ಊರಿನ ಕ್ಲಬ್ ಎಷ್ಟು ಚೆನ್ನಾಗಿ ಆಡಿದರೂ ಮೇಲೇರುವ ದಾರಿ ಇರಲಿಲ್ಲ. ಪೈಪೋಟಿ ಹೆಚ್ಚಿದರೆ ದುಡ್ಡು ಬರುತ್ತದೆ, ದುಡ್ಡು ಬಂದರೆ ಆಟ ಕೆಡುತ್ತದೆ ಎಂಬ ಭಯ ಇದರ ಹಿಂದೆ ಇತ್ತು. ಆ ಭಯಕ್ಕೆ ಒಂದು ಚರಿತ್ರೆಯೂ ಇದೆ. ಶನಿವಾರ ಆಡಲು ಹೋಗಿ ಕೂಲಿ ಕಳೆದುಕೊಳ್ಳುವ ಗಣಿ ಮತ್ತು ಗಿರಣಿ ಕಾರ್ಮಿಕರಿಗೆ ಆ ನಷ್ಟ ತುಂಬಿಕೊಡಬೇಕೆಂದು ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಕೇಳಿದಾಗ ಯೂನಿಯನ್ ಒಪ್ಪಲಿಲ್ಲ. 1895ರಲ್ಲಿ ಅವು ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿ ಬೇರೆಯಾದವು, ಅದರಿಂದ ರಗ್ಬಿ ಲೀಗ್ ಎಂಬ ಇನ್ನೊಂದು ಆಟವೇ ಹುಟ್ಟಿತು. ಕೂಲಿಯ ಪ್ರಶ್ನೆಗೆ ಕಿವಿಗೊಡದ ಸಂಸ್ಥೆ ತನ್ನ ಅರ್ಧ ಮನೆಯನ್ನು ಕಳೆದುಕೊಂಡ ಕಥೆ ಇದು.

ಸ್ಕಾಟ್ಲೆಂಡ್ 1973ರಲ್ಲೇ ಲೀಗ್ ಶುರು ಮಾಡಿತ್ತು. ಇಂಗ್ಲೆಂಡ್ ಕೊನೆಗೂ ಮನಸ್ಸು ಮಾಡಿದ್ದು 1987ರಲ್ಲಿ. ಸಾವಿರಕ್ಕೂ ಹೆಚ್ಚು ಕ್ಲಬ್‌ಗಳನ್ನು ಒಂದೇ ಏಣಿಯಲ್ಲಿ ಜೋಡಿಸಲಾಯಿತು: ಮೇಲೆ ರಾಷ್ಟ್ರೀಯ ವಿಭಾಗಗಳು, ಕೆಳಗೆ ಪ್ರಾದೇಶಿಕ ವಿಭಾಗಗಳು, ತಳದಲ್ಲಿ ಕೌಂಟಿಯೊಳಗಿನ ಲೀಗ್‌ಗಳು. ಗೆದ್ದವರು ಮೇಲೇರುತ್ತಾರೆ, ಸೋತವರು ಒಂದು ಮೆಟ್ಟಿಲು ಇಳಿಯುತ್ತಾರೆ, ಆದರೆ ಯಾರೂ ಆಟದಿಂದ ಹೊರಬೀಳುವುದಿಲ್ಲ. ಇಂದು 12 ತಂಡಗಳ ವಿಭಾಗದಲ್ಲಿ ಕೊನೆಯ ಸ್ಥಾನದಲ್ಲಿರುವ ಕ್ಲಬ್ ಕೂಡ ತನ್ನೂರಿನಲ್ಲಿ 11, ಪರವೂರಿನಲ್ಲಿ 11, ಒಟ್ಟು 22 ಪಂದ್ಯ ಆಡುತ್ತದೆ. ಈ ಯಂತ್ರ ತಿರುಗುವುದು ಕೌಂಟಿ ಮಟ್ಟದ ಕೆಲಸದಿಂದ. ಆ ಕೆಲಸದ ಬಹುಪಾಲನ್ನು ಮಾಡುವವರು ಸಂಬಳವಿಲ್ಲದ ಸ್ವಯಂಸೇವಕರು, ಹೆಚ್ಚಾಗಿ ಹಳೆಯ ಆಟಗಾರರು. ಆಟಗಾರರ ನೋಂದಣಿ ಒಂದು. ಯಾರು ಯಾವ ಕ್ಲಬ್ಬಿನವರೆಂದು ದಾಖಲೆಯಿರುವುದರಿಂದ ಫೈನಲ್‌ಗೆ ಮಾತ್ರ ಹೊರಗಿನ ಹುಲಿಯನ್ನು ತಂದು ನಿಲ್ಲಿಸಲು ಬರುವುದಿಲ್ಲ. ರೆಫರಿಗಳಿಗೆ ತಮ್ಮದೇ ಸಂಘಗಳಿವೆ, ಯಾವ ಪಂದ್ಯಕ್ಕೆ ಯಾರು ಹೋಗಬೇಕೆಂಬುದನ್ನು ಗೊತ್ತು ಮಾಡುವವರು ಅವರು, ಆತಿಥೇಯ ಕ್ಲಬ್ ಅಲ್ಲ. ಕೆಂಪು ಕಾರ್ಡ್ ಕಂಡವನ ವಿಚಾರಣೆ ಮೈದಾನದ ಗದ್ದಲದಲ್ಲಿ ಅಲ್ಲ, ಆಮೇಲೆ ಕೌಂಟಿಯ ಶಿಸ್ತು ಸಮಿತಿಯ ಮುಂದೆ. ಕ್ಲಬ್‌ಗಳಿಗೆ ಅಪಘಾತ ವಿಮೆ ಕಡ್ಡಾಯ. ತಲೆಗೆ ಪೆಟ್ಟು ಬಿದ್ದಿದೆಯೆಂಬ ಅನುಮಾನ ಬಂದರೂ ಸಾಕು, ಆ ಆಟಗಾರ ಮೈದಾನ ಬಿಡಲೇಬೇಕು, ಆ ದಿನ ಮರಳುವಂತಿಲ್ಲ. ಇವೆಲ್ಲವೂ ಕಡತದ ಕೆಲಸಗಳು, ಯಾವ ಪತ್ರಿಕೆಯಲ್ಲೂ ಚಿತ್ರ ಬಾರದ ಕೆಲಸಗಳು. ಹವ್ಯಾಸಿ ಆಟ ನಿಂತಿರುವುದು ಇವುಗಳ ಮೇಲೆ.

ಲೀಗ್ ನಮ್ಮ ಪದ್ಧತಿಯಲ್ಲ ಎಂದು ಹೇಳುವವರಿಗೆ 1987ರ ಈ ಇತಿಹಾಸವೇ ಉತ್ತರ. ಅದು ಅವರ ಪದ್ಧತಿಯೂ ಆಗಿರಲಿಲ್ಲ, ನೂರು ವರ್ಷದ ರೂಢಿಯನ್ನು ಬದಲಿಸಿ ತಂದದ್ದು. ಇನ್ನೂ ಹತ್ತಿರದ ಉತ್ತರ ಕಬಡ್ಡಿಯೊಳಗೇ ಇದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ 8 ತಂಡಗಳಿದ್ದವು. ಪ್ರತಿ ತಂಡ ಉಳಿದ ಏಳರ ಜೊತೆ ಎರಡೆರಡು ಸಲ ಆಡಿತು. ಅಂದರೆ ತಂಡಕ್ಕೆ 14 ಪಂದ್ಯ, ಒಟ್ಟು 56, ಆಮೇಲೆ ಸೆಮಿಫೈನಲ್ ಮತ್ತು ಫೈನಲ್ ಹಂತ. ಹಳ್ಳಿಯ ಆಟವೆಂದು ಕಡೆಗಣಿಸಲಾಗಿದ್ದ ಕಬಡ್ಡಿಯನ್ನು ದೇಶವೆಲ್ಲ ಕೂತು ನೋಡುವಂತೆ ಮಾಡಿದ್ದರಲ್ಲಿ ಟಿವಿಯ ಪಾಲು ದೊಡ್ಡದು, ನಿಜ. ಆದರೆ ಮೊದಲ ಪಂದ್ಯ ಸೋತ ತಂಡವೂ ಮತ್ತೆ ಬರುತ್ತದೆ, ಸೋತ ರೇಡರ್ ತನ್ನ ತಪ್ಪು ತಿದ್ದಿಕೊಂಡು ಬರುತ್ತಾನೆ ಎಂಬುದು ಜನರನ್ನು ವಾರಗಟ್ಟಲೆ ಹಿಡಿದಿಟ್ಟಿತು. ಕ್ರಿಕೆಟ್ ಕೂಡ ಕರ್ನಾಟಕದಲ್ಲಿ ಬೇರು ಬಿಟ್ಟದ್ದು ಹೀಗೆಯೇ. 1933ರಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯಾಗಿ ಹುಟ್ಟಿ 1973ರಲ್ಲಿ ಕರ್ನಾಟಕದ ಹೆಸರು ಪಡೆದ ಸಂಸ್ಥೆ ಬೆಂಗಳೂರಿನ ಕ್ಲಬ್‌ಗಳನ್ನು ಡಿವಿಜನ್‌ಗಳಾಗಿ, ಹೊರಗಿನ ಜಿಲ್ಲೆಗಳನ್ನು ವಲಯಗಳಾಗಿ ವಿಂಗಡಿಸಿ ವರ್ಷವರ್ಷವೂ ಲೀಗ್ ಆಡಿಸುತ್ತದೆ. ರಾಜ್ಯ ತಂಡದ ಆಟಗಾರರು ಬಂದಿದ್ದು ಆ ಲೀಗ್‌ಗಳ ಮೂಲಕ.

ಇದನ್ನು ಅಂಕೋಲಾ ತಾಲ್ಲೂಕಿಗೆ ಇಳಿಸಿ ನೋಡೋಣ. ಬೊಬ್ರುವಾಡ, ಕೇಣಿ, ಬೇಲೆಕೇರಿ, ಅವರ್ಸಾ, ಹಾರವಾಡ, ಬೆಳಂಬಾರ, ಮಂಜಗುಣಿ, ಶಿರೂರು ಎಂದು ಎಂಟು ಊರುಗಳನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಎಂಟೂ ತಂಡಗಳು ಒಂದು ಭಾನುವಾರ ಒಂದೇ ಊರಿನಲ್ಲಿ ಸೇರಿದರೆ ನಾಲ್ಕು ಪಂದ್ಯ. ಒಂದಕ್ಕೆ 45 ನಿಮಿಷದಂತೆ ಮೂರು ಗಂಟೆಯ ಕೆಲಸ. ಮಧ್ಯಾಹ್ನದ ಊಟದ ನಂತರ ಶುರು ಮಾಡಿದರೂ ಕತ್ತಲಾಗುವ ಹೊತ್ತಿಗೆ ಎಲ್ಲರೂ ಮನೆಯಲ್ಲಿ. ಒಬ್ಬ ರೆಫರಿ, ಇಬ್ಬರು ಅಂಪೈರ್‌ಗಳು, ಅಂಕ ಬರೆಯುವ ಮೂವರು, ಈ ಒಂದೇ ಬಳಗ ನಾಲ್ಕೂ ಪಂದ್ಯಗಳಿಗೆ ಸಾಕು. ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು ಸಾಕು. ಮುಂದಿನ ಭಾನುವಾರ ಇನ್ನೊಂದು ಊರಿನ ಸರದಿ. ಹೀಗೆ 14 ಭಾನುವಾರಗಳಲ್ಲಿ ಪ್ರತಿ ತಂಡವೂ 14 ಪಂದ್ಯ ಮುಗಿಸುತ್ತದೆ. ನವೆಂಬರ್ ನಡುವಿನಲ್ಲಿ ಶುರುವಾದರೆ ಫೆಬ್ರವರಿ ನಡುವಿನೊಳಗೆ, ಮಕ್ಕಳ ಪರೀಕ್ಷೆಗೆ ಮೊದಲೇ, ಲೀಗ್ ಮುಗಿದಿರುತ್ತದೆ. ಅಷ್ಟೂ ಸಾಧ್ಯವಿಲ್ಲವೆಂದರೆ ಒಂದೇ ಸುತ್ತು ಆಡಿಸಲಿ, ಏಳು ಭಾನುವಾರ ಸಾಕು. ಆಗಲೂ ಸೋಲುವ ತಂಡಕ್ಕೆ ಇಂದು ಒಂದು ಪಂದ್ಯಾವಳಿಯಲ್ಲಿ ಸಿಗುವುದರ ಏಳು ಪಟ್ಟು ಆಟ ಸಿಗುತ್ತದೆ.

ದುಡ್ಡು ಎಲ್ಲಿಂದ ಎಂಬುದು ಮೊದಲ ಆಕ್ಷೇಪ. ಒಂದು ರಾತ್ರಿಯ ಪಂದ್ಯಾವಳಿಗೆ ದಾನಿಗಳು ಸಿಗುತ್ತಾರೆ, ಏಕೆಂದರೆ ಅಲ್ಲಿ ವೇದಿಕೆ ಇದೆ, ಸನ್ಮಾನ ಇದೆ, ಬಹುಮಾನ ವಿತರಣೆ ಇದೆ. ಹದಿನಾಲ್ಕು ಭಾನುವಾರಗಳಿಗೆ ಯಾರು ಕೊಡುತ್ತಾರೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಖರ್ಚು ಎಲ್ಲಿ ಬೀಳುತ್ತಿದೆ ಎಂದು ಬಿಡಿಸಿ ನೋಡಬೇಕು. ಪಂದ್ಯಾವಳಿಯಲ್ಲಿ ಹಣ ಹೋಗುವುದು ದೀಪ, ಧ್ವನಿವರ್ಧಕ, ಶಾಮಿಯಾನ, ವೇದಿಕೆ, ನಗದು ಬಹುಮಾನಗಳಿಗೆ. ಹಗಲಿನ ಲೀಗ್‌ಗೆ ಇವುಗಳಲ್ಲಿ ಹೆಚ್ಚಿನವು ಬೇಡವೇ ಬೇಡ. ಕಬಡ್ಡಿಗೆ ಬೇಕಾಗಿರುವುದು 13 ಮೀಟರ್ ಉದ್ದ, 10 ಮೀಟರ್ ಅಗಲದ ಹದವಾದ ನೆಲ. ಉಳಿಯುವುದು ವಾಹನದ ಬಾಡಿಗೆ, ನಿರ್ಣಾಯಕರ ಭತ್ಯೆ, ಚಹಾ ತಿಂಡಿ. ಊರುಗಳು ಸರದಿಯಲ್ಲಿ ಆತಿಥ್ಯ ವಹಿಸಿದರೆ ಇದರ ಹೊರೆ ಒಬ್ಬರ ಮೇಲೇ ಬೀಳುವುದಿಲ್ಲ. ಪಂದ್ಯಾವಳಿಗಳನ್ನು ನಿಲ್ಲಿಸಿ ಎಂದು ಯಾರೂ ಹೇಳಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಲೀಗ್ ಬಂದ ಮೇಲೂ ಕೌಂಟಿ ಕಪ್‌ಗಳು ಉಳಿದಿವೆ. ಲೀಗ್‌ನಲ್ಲಿ ಪಳಗಿದ ತಂಡಗಳು ಆ ಹೊನಲು ಬೆಳಕಿನ ರಾತ್ರಿಯಲ್ಲೂ ಇನ್ನಷ್ಟು ಚೆನ್ನಾಗಿ ಆಡುತ್ತವೆ.

ದೂರದ ಮಾತು ಇನ್ನೂ ಗಟ್ಟಿಯಾದದ್ದು. ಉತ್ತರ ಕನ್ನಡ ಒಂದೇ ಜಿಲ್ಲೆಯಾದರೂ ಒಂದೇ ನೆಲವಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸಮುದ್ರದ ಬದಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೆ ಸಾಲಾಗಿವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ಘಟ್ಟದ ಮೇಲಿವೆ. ಹಳಿಯಾಳದ ತಂಡ ಭಾನುವಾರ ಭಟ್ಕಳಕ್ಕೆ ಬಂದು ಆಡಿ ಸೋಮವಾರ ಕೆಲಸಕ್ಕೆ ಹೋಗಲಾರದು. ಆದ್ದರಿಂದಲೇ ಇಡೀ ಜಿಲ್ಲೆಗೆ ಒಂದು ಲೀಗ್ ಎಂಬ ಯೋಚನೆ ತಪ್ಪು, ತಾಲ್ಲೂಕಿಗೊಂದು ಲೀಗ್, ಕೊನೆಯಲ್ಲಿ ಕರಾವಳಿಗೊಂದು, ಘಟ್ಟಕ್ಕೊಂದು ಸುತ್ತು, ಜಿಲ್ಲೆಯ ಫೈನಲ್ ಒಂದೇ ದಿನ ಎಂಬುದು ಸರಿ. ಇಂಗ್ಲೆಂಡಿನ ಕ್ಲಬ್‌ಗಳಿಗೂ ಇದೇ ತೊಂದರೆ ಬಂದಿತ್ತು. 2022ರಲ್ಲಿ ಅಲ್ಲಿ ಕೆಳಹಂತದ ಲೀಗ್‌ಗಳನ್ನು ಮರುವಿಂಗಡಿಸಿದ್ದು ಮುಖ್ಯವಾಗಿ ಪ್ರಯಾಣ ಮತ್ತು ಪಂದ್ಯಗಳ ಸಂಖ್ಯೆ ತಗ್ಗಿಸಲೆಂದೇ. ಮಳೆಗಾಲವನ್ನು ಪೂರ್ತಿ ಬಿಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಈ ನೆಲದಲ್ಲಿ ಕ್ರೀಡಾ ವೇಳಾಪಟ್ಟಿ ಬರೆಯುವವರು ಮೊದಲು ನೋಡಬೇಕಾದದ್ದು ಆಕಾಶವನ್ನು.

ಕೊಡಗಿನ ಉದಾಹರಣೆ ಕೊಟ್ಟು ಇನ್ನೊಂದು ಆಕ್ಷೇಪ ಎತ್ತಬಹುದು. ಅಲ್ಲಿನ ಕೌಟುಂಬಿಕ ಹಾಕಿ ಹಬ್ಬ ಕೂಡ ಸೋತವರು ಹೊರಹೋಗುವ ಪದ್ಧತಿಯದ್ದೇ, ಆದರೂ 1997ರಲ್ಲಿ ಕರಡದಲ್ಲಿ 60 ಕುಟುಂಬ ತಂಡಗಳಿಂದ ಶುರುವಾಗಿ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳಿಗೆ ಬೆಳೆಯಿತಲ್ಲ? ಬೆಳೆಯಿತು, ಅದು ಕನ್ನಡ ನಾಡಿನ ಹವ್ಯಾಸಿ ಕ್ರೀಡೆಯ ಹೆಮ್ಮೆ. ಆದರೆ ಅದು ಬೆಳೆದದ್ದು ಹಬ್ಬವಾಗಿ. ಅಜ್ಜಿಯರೂ ಮೊಮ್ಮಕ್ಕಳೂ ಒಂದೇ ತಂಡದಲ್ಲಿ ಆಡುವ ಆ ಹಬ್ಬದ ಉದ್ದೇಶ ಕುಟುಂಬಗಳನ್ನು ಕೂಡಿಸುವುದು. ಕೊಡಗಿನ ಹುಡುಗ ಹುಡುಗಿಯರು ಹಾಕಿ ಕಲಿಯುವುದು ಶಾಲೆಗಳಲ್ಲಿ, ಕ್ರೀಡಾ ವಸತಿ ನಿಲಯಗಳಲ್ಲಿ, ವರ್ಷವಿಡೀ. ಜೊತೆಗೆ ಆ ಹಬ್ಬದ ನಡುವೆ ಕೊಡವ ಹಾಕಿ ಅಕಾಡೆಮಿ ಎಂಬ ಸಂಸ್ಥೆ ಇದೆ, ಪ್ರತಿ ವರ್ಷ ಒಂದೊಂದು ಕುಟುಂಬ ಸರದಿಯಲ್ಲಿ ಆತಿಥ್ಯದ ಹೊಣೆ ಹೊರುತ್ತದೆ. ಸರದಿ ಮತ್ತು ನಡುವಣ ಸಂಸ್ಥೆ, ಈ ಎರಡನ್ನು ನಾವು ಕೊಡಗಿನಿಂದ ಧಾರಾಳವಾಗಿ ಕಲಿಯಬಹುದು. ಒಂದು ವಿಷಯದಲ್ಲಿ ಮಾತ್ರ ನಮ್ಮ ಕರಾವಳಿ ಬೇರೆ ದಾರಿ ಹಿಡಿಯಬೇಕು. ಒಂದೊಂದು ಸಮಾಜಕ್ಕೆ ಸೀಮಿತವಾದ ಪಂದ್ಯಾವಳಿಗಳು ನಮ್ಮಲ್ಲಿ ಹೆಚ್ಚುತ್ತಿವೆ. ಊರಿನ ಹೆಸರಿನಲ್ಲಿ ಕಟ್ಟಿದ ತಂಡದಲ್ಲಿ ಹಾಲಕ್ಕಿ, ನಾಡವ, ಕೋಮಾರಪಂತ, ಖಾರ್ವಿ, ಹರಿಕಂತ್ರ ಹುಡುಗರು ಒಬ್ಬರ ಕೈಯನ್ನೊಬ್ಬರು ಹಿಡಿದು ಸರಪಳಿ ಕಟ್ಟುತ್ತಾರೆ. ಲೀಗ್‌ನ ತಂಡಗಳು ಊರಿನವೇ ಆಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಭಾನುವಾರದ ಹಗಲಿನ ಲೀಗ್‌ನಿಂದ ಎಲ್ಲರಿಗಿಂತ ಹೆಚ್ಚು ಲಾಭ ಹುಡುಗಿಯರಿಗೆ. ಶಾಲೆಯ ಕ್ರೀಡಾಕೂಟಗಳಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಚೆನ್ನಾಗಿಯೇ ನಡೆಯುತ್ತದೆ. ಶಾಲೆ, ಕಾಲೇಜು ಮುಗಿದ ಮರುದಿನ ಅದು ನಿಂತುಹೋಗುತ್ತದೆ, ಏಕೆಂದರೆ ಆಮೇಲಿನ ಕಬಡ್ಡಿ ಇರುವುದು ರಾತ್ರಿ ಎಂಟರಿಂದ ಬೆಳಗಾಗುವವರೆಗೆ, ಗಂಡಸರ ಗುಂಪಿನ ನಡುವೆ. ಯಾವ ತಾಯಿ ಮಗಳನ್ನು ಕಳಿಸುತ್ತಾಳೆ? ಇದು ಪ್ರತಿಭೆಯ ಕೊರತೆಯಲ್ಲ, ವೇಳಾಪಟ್ಟಿ ಮಾಡಿದ ಅನ್ಯಾಯ. ಪುರುಷರ ನಾಲ್ಕು ಪಂದ್ಯಗಳಿಗೆ ಮೊದಲು ಅದೇ ಅಂಕಣದಲ್ಲಿ, ಅದೇ ನಿರ್ಣಾಯಕರ ಎದುರು ಮಹಿಳೆಯರ ಎರಡು ಪಂದ್ಯ ಇಟ್ಟರೆ ಹೆಚ್ಚಿನ ಖರ್ಚು ಬಹಳ ಕಡಿಮೆ. ಗೋವಾದಲ್ಲಿ ಕೆಲಸಕ್ಕಿರುವ, ದೋಣಿಗೆ ಹೋಗುವ ಗಂಡುಮಕ್ಕಳಿಗೂ ರಾತ್ರಿ ನಿದ್ದೆಗೆಡದೆ, ಮರುದಿನದ ಕೂಲಿ ಕಳೆದುಕೊಳ್ಳದೆ ಆಡುವ ದಾರಿ ಇದು. 1895ರಲ್ಲಿ ಇಂಗ್ಲೆಂಡಿನ ಯೂನಿಯನ್ ಕೇಳಿಸಿಕೊಳ್ಳದ ಪ್ರಶ್ನೆ ನಮ್ಮಲ್ಲೂ ಇದೆ.

ಇಷ್ಟೆಲ್ಲ ಅಧಿಕಾರವನ್ನು ಜಿಲ್ಲಾ ಸಂಸ್ಥೆಯ ಕೈಗೆ ಕೊಟ್ಟರೆ ಅದು ನಾಲ್ಕು ಜನರ ಸೊತ್ತಾಗುವುದಿಲ್ಲವೇ ಎಂಬ ಸಂಶಯ ಸಹಜ, ಕಬಡ್ಡಿಯ ಇತಿಹಾಸ ಆ ಸಂಶಯಕ್ಕೆ ಕಾರಣ ಕೊಟ್ಟಿದೆ. 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ರಾಷ್ಟ್ರೀಯ ಫೆಡರೇಷನ್ನಿನ ಆಜೀವ ಅಧ್ಯಕ್ಷ ಹುದ್ದೆಯನ್ನೂ ಆ ಹುದ್ದೆಯಲ್ಲಿದ್ದವರ ಪತ್ನಿಯ ಅಧ್ಯಕ್ಷ ಸ್ಥಾನವನ್ನೂ ಅಸಿಂಧುಗೊಳಿಸಿ ಆಡಳಿತಾಧಿಕಾರಿಯನ್ನು ನೇಮಿಸಬೇಕಾಯಿತು. ಆಡಳಿತ ಮತ್ತೆ ಚುನಾಯಿತ ಸಮಿತಿಯ ಕೈಗೆ ಬಂದದ್ದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಆರೂವರೆ ವರ್ಷ ಒಂದು ಆಟದ ಆಡಳಿತ ನ್ಯಾಯಾಲಯದ ಅಂಗಳದಲ್ಲಿತ್ತು. ಅದೇ 2025ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ರಗ್ಬಿಯಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಡಿ. ಯೂನಿಯನ್ ನಷ್ಟದಲ್ಲಿದ್ದಾಗ ಮುಖ್ಯ ಕಾರ್ಯನಿರ್ವಾಹಕರಿಗೆ ದೊಡ್ಡ ಬೋನಸ್ ಕೊಟ್ಟಿದ್ದಕ್ಕೆ ಸಿಟ್ಟಾದ ಕ್ಲಬ್‌ಗಳೂ ರೆಫರಿಗಳ ಸಂಘವೂ ವಿಶೇಷ ಸಭೆ ಕರೆಸಿದವು. ಅವಿಶ್ವಾಸ ನಿರ್ಣಯಕ್ಕೆ 206 ಮತ ಬಿತ್ತು, ವಿರುದ್ಧ 466. ನಿರ್ಣಯ ಸೋತಿತು. ಆದರೆ ಊರಿನ ಕ್ಲಬ್ ತನ್ನ ಒಂದು ಮತ ಹಿಡಿದು ತುದಿಯಲ್ಲಿ ಕೂತವರನ್ನು ಎಬ್ಬಿಸಿ ನಿಲ್ಲಿಸಿ ಲೆಕ್ಕ ಕೇಳಿತು, ಕೋರ್ಟಿಗೆ ಹೋಗದೆ. ವ್ಯತ್ಯಾಸ ಇರುವುದು ಜನರ ಗುಣದಲ್ಲಿ ಅಲ್ಲ, ಮತ ಯಾರ ಕೈಯಲ್ಲಿದೆ ಎಂಬುದರಲ್ಲಿ. ಆದ್ದರಿಂದ ಲೀಗ್‌ನ ಜೊತೆಗೇ ಬರಬೇಕಾದ ನಿಯಮ ಒಂದಿದೆ: ಆ ವರ್ಷ ಲೀಗ್ ಪೂರ್ತಿ ಆಡಿದ ಪ್ರತಿ ಕ್ಲಬ್ಬಿಗೆ ಜಿಲ್ಲಾ ಸಂಸ್ಥೆಯ ಸಭೆಯಲ್ಲಿ ಒಂದು ಮತ. ಆಡಿದವರಿಗೆ ಮತ, ಆಡದ ಕಾಗದದ ಕ್ಲಬ್ಬಿಗೆ ಇಲ್ಲ. ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ 2025ರಲ್ಲಿ ಬಂದು ಮೇಲಿನ ಸಂಸ್ಥೆಗಳಲ್ಲಿ ಆಟಗಾರರಿಗೆ ಜಾಗ ಕೊಡಿಸಿದೆ. ಕೆಳಗೆ ಜಿಲ್ಲೆಯಲ್ಲಿ ಅದನ್ನು ಕಾಯ್ದೆಗಾಗಿ ಕಾಯದೆ ಮಾಡಬಹುದು, ಬೇಕಾದದ್ದು ಸಂಸ್ಥೆಯ ಬೈಲಾದಲ್ಲಿ ಒಂದು ತಿದ್ದುಪಡಿ.

ಎಲ್ಲ ತಾಲ್ಲೂಕುಗಳಲ್ಲಿ ಒಟ್ಟಿಗೆ ಶುರು ಮಾಡುವ ಆತುರ ಬೇಡ. ಜಿಲ್ಲಾ ಸಂಸ್ಥೆ ಈ ದೀಪಾವಳಿಗೆ ಮೊದಲು ಅಂಕೋಲಾ ಮತ್ತು ಕಾರವಾರ ತಾಲ್ಲೂಕುಗಳ ಯುವಕ ಸಂಘಗಳನ್ನು ಒಂದು ಸಭೆಗೆ ಕರೆಯಲಿ. ತಾಲ್ಲೂಕಿಗೆ ಎಂಟು ತಂಡ, ತಂಡಕ್ಕೆ ಹನ್ನೆರಡು ಜನರ ನೋಂದಾಯಿತ ಪಟ್ಟಿ, ಒಬ್ಬ ಆಟಗಾರನಿಗೆ ಒಂದೇ ತಂಡ, ಆಟಗಾರರಿಗೆಲ್ಲ ಅಪಘಾತ ವಿಮೆ, ಮೊದಲ ವರ್ಷಕ್ಕೆ ಒಂದೇ ಸುತ್ತಿನ ಏಳು ಭಾನುವಾರಗಳ ವೇಳಾಪಟ್ಟಿ, ಇಷ್ಟನ್ನು ಆ ಸಭೆಯಲ್ಲೇ ಗೊತ್ತು ಮಾಡಲಿ. ಬೊಬ್ರುವಾಡದ ಸಂಘವಾಗಲಿ ಬೇಲೆಕೇರಿಯ ಸಂಘವಾಗಲಿ ಕರೆ ಬರುವವರೆಗೆ ಕಾಯಬೇಕಾಗಿಲ್ಲ, ಲೀಗ್ ಬೇಕೆಂದು ಕೇಳುವ ಪತ್ರವನ್ನು ಊರಿನ ಸಂಘಗಳೇ ಈಗ ಬರೆಯಲಿ.